ಬಣ್ಣ ಬಳಿದ ಜಾಗ ಯಾರದ್ದು?

ಬೆಂಗಳೂರಿನಲ್ಲಿ ಮನೆ ಮುಂದಿನ ರಸ್ತೆಯನ್ನು ಸ್ವಂತ ಮಾಡಿಕೊಳ್ಳಲು ಎರಡು ಹೂಕುಂಡ, ಕಾಲು ಮುರಿದ ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಇಂಗ್ಲೆಂಡಿನಲ್ಲಿ ಇಂಥದ್ದಕ್ಕೂ ಅರ್ಜಿ ಹಾಕಬೇಕು.

ನಡೆಯಲು ಕಷ್ಟವಿರುವವರಿಗೆ ಕಾರು ನಿಲ್ಲಿಸಲು ಅನುಕೂಲವಾಗಲೆಂದು ಅಲ್ಲಿ ‘ಬ್ಲೂ ಬ್ಯಾಡ್ಜ್’ ಕೊಡುತ್ತಾರೆ. 1971ರಲ್ಲಿ ಶುರುವಾದಾಗ ಅದರ ಬಣ್ಣ ಕಿತ್ತಳೆ, ನೀಲಿಯಾಗಿದ್ದು 2000ದಲ್ಲಿ. ಶುಲ್ಕ 10 ಪೌಂಡ್ ಮೀರುವುದಿಲ್ಲ, ಪಕ್ಕದ ವೇಲ್ಸ್‌ನಲ್ಲಂತೂ ಪುಕ್ಕಟೆ. ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಮತ್ತೆ ಅರ್ಜಿ.

ತಮಾಷೆಯಿರುವುದು ಅರ್ಜಿ ತುಂಬುವಾಗ. ಎಷ್ಟು ದೂರ ನಡೆಯುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಏದುಸಿರು ಬರುತ್ತದೆಯೇ? ಹೆಣ್ಣು ಕೊಡುವವರೂ ಗಂಡಿನ ಬಗ್ಗೆ ಇಷ್ಟು ವಿಚಾರಿಸುವುದಿಲ್ಲ. ಮೆಟ್ಟಿಲಿಗೊಂದು ಸಲ ‘ಅಯ್ಯಪ್ಪಾ’ ಎನ್ನುವ ತಾತನಿಗೆ ಆಗಲೇ ಪೌರುಷ ಉಕ್ಕುವುದು: “ನನಗೇನಾಗಿದೆಯೋ? ಗುಂಡುಕಲ್ಲಿನ ಹಾಗಿದ್ದೇನೆ!” ಮಗ ತಲೆ ಚಚ್ಚಿಕೊಳ್ಳುತ್ತಾನೆ.

2019ರಿಂದ ಹೊರಗೆ ಕಾಣದ ತೊಂದರೆಯಿರುವವರಿಗೂ ಬ್ಯಾಡ್ಜ್ ಸಿಗುತ್ತದೆ. ಕಿಟಕಿ ಪರದೆ ಸರಿಸಿ ನೋಡುವ ನೆರೆಯವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲವೇನೋ!

ಬ್ಯಾಡ್ಜಿದ್ದರೆ ವಾಹನ ನಿಲುಗಡೆಗೆ ನಿರ್ಬಂಧವಿರುವ ಹಳದಿ ಗೆರೆಯ ಮೇಲೂ ಸಾಮಾನ್ಯವಾಗಿ 3 ಗಂಟೆ ನಿಲ್ಲಿಸಬಹುದು. ಬಂದ ಹೊತ್ತು ತೋರಿಸಲು ರಟ್ಟಿನ ಗಡಿಯಾರವೊಂದನ್ನು ಇಡಬೇಕು. ಮನೆ ಮುಂದೆ ಜಾಗ ಬೇಕೆಂದರೆ ಸ್ಥಳೀಯ ಕೌನ್ಸಿಲಿಗೆ ಬೇರೆ ಅರ್ಜಿ. ಒಪ್ಪಿದರೆ ಅವರೇ ಬಂದು ಬಿಳಿ ಬಣ್ಣದಲ್ಲಿ ಚೌಕ ಬರೆದು ಹೋಗುತ್ತಾರೆ.

ಆದರೆ ಆ ಚೌಕ ಸಾಮಾನ್ಯವಾಗಿ ಅರ್ಜಿ ಹಾಕಿದವರದ್ದಲ್ಲ, ಬ್ಯಾಡ್ಜಿರುವ ಎಲ್ಲರದ್ದೂ. ತಾತ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಹಿಂದಿನ ಬೀದಿಯ ಅಜ್ಜಿಯ ಕಾರು ಅಲ್ಲಿ ಹಾಯಾಗಿ ನಿಂತಿದೆ, ಗಾಜಿನ ಹಿಂದೆ ನೀಲಿ ಬ್ಯಾಡ್ಜ್. ಬಣ್ಣ ಇನ್ನೂ ಸರಿಯಾಗಿ ಒಣಗಿಲ್ಲ.