ವಿಚಾರಣೆಯಿಲ್ಲದೆ ವಜಾ: ಥರ್ಮೋಸ್ಟಾಟ್ ಜೊತೆ ಮಾತುಕತೆ

ಸಕಲೇಶಪುರದ ಒಂದು ಗ್ಯಾರೇಜು. ಹಳೇ ಆಯಿಲ್ ಡಬ್ಬದಲ್ಲಿ ಸವೆದ ಬ್ರೇಕ್ ಪ್ಯಾಡು, ತಲೆ ಹೋದ ಬೋಲ್ಟುಗಳ ನಡುವೆ ಅಂಗೈಯಗಲದ ಒಬ್ಬ ಮಹನೀಯರು ಕುಳಿತಿದ್ದಾರೆ. ಇವತ್ತು ಬೆಳಿಗ್ಗೆಯವರೆಗೂ ಇವರು ಮಂಗಳೂರಿನಿಂದ ಬೆಂಗಳೂರಿಗೆ ಹೊರಟಿದ್ದ ಕಾರೊಂದರ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಆಗಿದ್ದವರು. ಶಿರಾಡಿ ಘಾಟಿಯಲ್ಲಿ ಕಾರು ಹೀಟಾಯಿತು. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಇವರನ್ನು ಕಿತ್ತುಹಾಕಿದರು, ಕೆಲಸ ಹೋಯಿತು.

ಪ್ರಶ್ನೆ: ಹೇಗಿದ್ದೀರಿ?

ಥರ್ಮೋಸ್ಟಾಟ್: ತಣ್ಣಗಿದ್ದೇನೆ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಪ್ರಶ್ನೆ: ನಿಮ್ಮ ಕೆಲಸ ಏನಿತ್ತು?

ಥರ್ಮೋಸ್ಟಾಟ್: ಬಾಗಿಲು ಕಾಯುವುದು. ಎಂಜಿನ್ನಿನ ನೀರು ರೇಡಿಯೇಟರ್‌ಗೆ ಹೋಗುವ ದಾರಿಯಲ್ಲಿ, ಮೇಲಿನ ಹೋಸಿನ ಬಾಯಲ್ಲಿ ನಿಂತಿದ್ದೆ. ನನ್ನ ಹೊಟ್ಟೆಯಲ್ಲಿ ಮೇಣವಿದೆ. 82 ಡಿಗ್ರಿಯ ಸುಮಾರಿಗೆ ಅದು ಕರಗಿ ಹಿಗ್ಗುತ್ತದೆ, ಬಾಗಿಲು ತೆರೆಯುತ್ತದೆ. ತಣಿದರೆ ಸ್ಪ್ರಿಂಗು ಮುಚ್ಚಿಸುತ್ತದೆ. ಕರೆಂಟು ಬೇಡ, ಮೇಲಿನವರ ಆದೇಶವೂ ಬೇಡ. ಈ ಮೇಣದ ಉಪಾಯ 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆಟ್ ಕಂಡುಹಿಡಿದದ್ದು. ಅಂದಿನಿಂದ ನಮ್ಮ ವಂಶದಲ್ಲಿ ಕೈ ಬಿಸಿ ಮಾಡಿಸಿಕೊಂಡು ಬಾಗಿಲು ತೆಗೆದವರು ಒಬ್ಬರೂ ಇಲ್ಲ. ನೀರು ಬಿಸಿಯಾಗಬೇಕು, ಅಷ್ಟೇ.

ಪ್ರಶ್ನೆ: ‘ಇದೆಲ್ಲ ಚಳಿ ದೇಶಕ್ಕೆ ಸಾರ್, ನಮ್ಮ ಸೆಖೆಗೆ ಬೇಕಾಗಿಲ್ಲ’ ಎಂದರಂತೆ ಮೆಕ್ಯಾನಿಕ್?

ಥರ್ಮೋಸ್ಟಾಟ್: ನಿಮ್ಮ ಸೆಖೆ ಎಷ್ಟು? ಕಲಬುರಗಿಯ ಮೇ ತಿಂಗಳೇ ಇರಲಿ, 45 ದಾಟುವುದು ಅಪರೂಪ. ನನ್ನ ಕೆಲಸ ಶುರುವಾಗುವುದೇ 82ಕ್ಕೆ. ಎಂಜಿನ್ನಿಗೂ ಹದವಾದ ಬಿಸಿ ಬೇಕು ಸ್ವಾಮಿ. ಅದು ತಣ್ಣಗೇ ಓಡಿದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಈ ನಷ್ಟ ಹೀಟ್ ಮೀಟರಿನ ಮುಳ್ಳಿನಲ್ಲಿ ಕಾಣುವುದಿಲ್ಲ, ಪೆಟ್ರೋಲ್ ಬಂಕಿನ ಬಿಲ್ಲಿನಲ್ಲಿ ಕಾಣುತ್ತದೆ.

ಪ್ರಶ್ನೆ: ಘಾಟಿಯಲ್ಲಿ ನಡೆದದ್ದೇನು?

ಥರ್ಮೋಸ್ಟಾಟ್: ಉಪ್ಪಿನಂಗಡಿ ದಾಟಿ ಗುಂಡ್ಯದವರೆಗೂ ಮುಳ್ಳು ನಡುವಿನಲ್ಲೇ ಇತ್ತು. ಏರು ಶುರುವಾದ ಮೇಲೆ ಮುಂದೆ ಟ್ಯಾಂಕರ್‌ಗಳ ಸಾಲು. ಮೊದಲನೇ ಗೇರು, ಎಸಿ ಜೋರು, ಒಳಗೆ ಐದು ಜನ, ಡಿಕ್ಕಿ ತುಂಬ ತೆಂಗಿನಕಾಯಿ. ಮುಳ್ಳು ಏರತೊಡಗಿತು. ಆಗಲೇ ಎಸಿ ಆರಿಸಿ, ಹೀಟರ್ ಹಾಕಿ, ಜಾಗ ಸಿಕ್ಕಲ್ಲಿ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಹೀಟರ್ ಅಂದರೆ ಅದೂ ಒಂದು ಪುಟ್ಟ ರೇಡಿಯೇಟರ್ರೇ, ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಎಳೆದುಕೊಳ್ಳುತ್ತದೆ. ಯಜಮಾನರು ‘ಇನ್ನೇನು ಸಕಲೇಶಪುರ ಬಂತು, ಕಾಫಿಗೇ ನಿಲ್ಲಿಸೋಣ’ ಎಂದರು. ಕಾಫಿಗೆ ಮೊದಲು ಬಾನೆಟ್ಟಿನಿಂದ ಹಬೆ ಎದ್ದಿತು.

ಪ್ರಶ್ನೆ: ಜನ ಸಹಾಯಕ್ಕೆ ಬಂದರೇ?

ಥರ್ಮೋಸ್ಟಾಟ್: ಬಾನೆಟ್ ಎತ್ತಿದರೆ ದಾರಿಹೋಕರೆಲ್ಲ ಎಂಜಿನಿಯರ್‌ಗಳೇ. ಭಾವಮೈದ ಟವಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತೆಗೆಯಲು ಹೋದ. ಆ ಮುಚ್ಚಳ ಒತ್ತಡ ಹಿಡಿದಿರುವುದರಿಂದಲೇ 100 ಡಿಗ್ರಿ ದಾಟಿದರೂ ಒಳಗಿನ ನೀರು ಕುದಿಯದೆ ಕೂತಿರುತ್ತದೆ. ತೆಗೆದರೆ ಒಟ್ಟಿಗೇ ಕುದಿದು ಮುಖಕ್ಕೆ ಎರಚುತ್ತದೆ. ಪುಣ್ಯಕ್ಕೆ ಹೆಂಗಸರು ಬೈದು ನಿಲ್ಲಿಸಿದರು. ಒಬ್ಬರು ದೃಷ್ಟಿ ತಾಕಿದೆ ಎಂದರು. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು. ಅದು ಹೋಗಿದ್ದರೆ ಎಷ್ಟೋ ಸಲ ಆಯಿಲ್ ಬೆಳ್ಳಗೆ ಕದಡಿರುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದವರು ಒಬ್ಬರೂ ಇಲ್ಲ. ನಿಂಬೆಹಣ್ಣು ಮಾತ್ರ ಐದು ನಿಮಿಷದಲ್ಲಿ ಬಂತು.

ಪ್ರಶ್ನೆ: ಹಾಗಾದರೆ ತಪ್ಪು ಯಾರದು?

ಥರ್ಮೋಸ್ಟಾಟ್: ಫ್ಯಾನಿನದು. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ತೆವಳುವಾಗ ಗಾಳಿ ಎಳೆಯಬೇಕಾದದ್ದು ಫ್ಯಾನು. ಓಡುವಾಗ ಸರಿಯಿದ್ದು ತೆವಳುವಾಗ ಹೀಟಾದರೆ ಮೊದಲು ಅದನ್ನೇ ನೋಡಬೇಕು. ವೇಗದಲ್ಲೂ ಹೀಟಾದರೆ ಆಗ ಸೋರಿಕೆ, ಕಟ್ಟಿಕೊಂಡ ರೇಡಿಯೇಟರ್, ವಾಟರ್ ಪಂಪು, ಅಥವಾ ನಾನು. ಎಸಿ ಹಾಕಿ ಫ್ಯಾನ್ ತಿರುಗುತ್ತದೆಯೇ ಎಂದು ಬಗ್ಗಿ ನೋಡಿದ್ದರೆ ಸಾಕಿತ್ತು. ಬಹುಶಃ ಒಂದು ಫ್ಯೂಸು, ಇಲ್ಲವೇ ಒಂದು ರಿಲೇ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಕೋತಿ ತಿರುಗಲೂ ಇಲ್ಲ, ಮೇಕೆ ಡಬ್ಬ ಸೇರಿತು.

ಪ್ರಶ್ನೆ: ನೀವೂ ಕೆಡುವುದುಂಟಲ್ಲವೇ?

ಥರ್ಮೋಸ್ಟಾಟ್: ಉಂಟು. ಮುಚ್ಚಿದ ಬಾಗಿಲು ಹಾಗೇ ಸಿಕ್ಕಿಕೊಂಡರೆ ಎಂಜಿನ್ ಬೇಯುತ್ತದೆ. ಅದಕ್ಕೆ ನಾನು ಕೇಳಿದ್ದು ವಿಚಾರಣೆ, ಕ್ಷಮೆಯಲ್ಲ. ಸೀತೆಗೆ ಅಗ್ನಿಪರೀಕ್ಷೆಯಾದರೂ ಆಯಿತು, ನನಗೆ ಬಿಸಿನೀರಿನದ್ದೂ ಇಲ್ಲ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ನನ್ನ ಮೈಮೇಲೆ ಬರೆದಿರುವ ಡಿಗ್ರಿಗೆ ಬಾಗಿಲು ತೆರೆಯದಿದ್ದರೆ ಗುಜರಿಗೆ ಹಾಕಿ, ನನ್ನ ಜಾಗಕ್ಕೆ ಹೊಸಬನನ್ನು ತನ್ನಿ. ಜಾಗ ಖಾಲಿ ಬಿಡುವುದು ಯಾವ ನ್ಯಾಯ?

ಪ್ರಶ್ನೆ: ಮತ್ತೆ ಮೆಕ್ಯಾನಿಕ್ ಯಾಕೆ ಹಾಗೆ ಮಾಡಿದರು?

ಥರ್ಮೋಸ್ಟಾಟ್: ಫ್ಯೂಸು ಬದಲಿಸಿದರೆ ಗಿರಾಕಿ ‘ಇಷ್ಟೇನಾ?’ ಎಂದು ದುಡ್ಡು ಕೊಡಲು ಮುಖ ಸಿಂಡರಿಸುತ್ತಾನೆ. ನನ್ನನ್ನು ಕಿತ್ತು ಅಂಗೈಯಲ್ಲಿಟ್ಟು ‘ಇದೇ ಸಾರ್ ಪ್ರಾಬ್ಲಂ’ ಎಂದರೆ ಕೈ ಮುಗಿದು ಕೊಡುತ್ತಾನೆ. ಸಮಸ್ಯೆಯ ಮುಖ ನೋಡಿದೆನಲ್ಲ ಎಂಬ ತೃಪ್ತಿ! ಕಿತ್ತಾಗ ಹಸಿರು ಕೂಲೆಂಟ್ ನೆಲಕ್ಕೆ ಹೋಯಿತು, ಬದಲಿಗೆ ಬೋರ್‌ವೆಲ್ ನೀರು ತುಂಬಿದರು. ಇನ್ನು ಒಳಗೆ ಸುಣ್ಣವೂ ಕಟ್ಟುತ್ತದೆ, ತುಕ್ಕೂ ಹಿಡಿಯುತ್ತದೆ. ಮುಂದಿನ ರಿಪೇರಿಗೆ ಅದು ಮುಂಗಡ.

ಪ್ರಶ್ನೆ: ಯಜಮಾನರು ಹಾಸನದಿಂದ ಫೋನ್ ಮಾಡಿದ್ದರು. ಕಾರು ಈಗ ಒಂಚೂರೂ ಹೀಟಾಗುತ್ತಿಲ್ಲವಂತೆ.

ಥರ್ಮೋಸ್ಟಾಟ್: ಹೇಗಾಗುತ್ತದೆ? ಘಾಟಿ ಮುಗಿಯಿತು, ರಸ್ತೆ ನುಣುಪು, ಎದುರುಗಾಳಿ ಭರ್ತಿ. ನೆಲಮಂಗಲದ ಟ್ರಾಫಿಕ್ ಬರಲಿ. ಮುಳ್ಳು ಮತ್ತೆ ಏರುತ್ತದೆ, ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತುತ್ತಾನೆ. ಕಿತ್ತು ತೋರಿಸಲು ಒಳಗೆ ನಾನೂ ಇರುವುದಿಲ್ಲ. ಪಾಪ, ಅವನು ಫ್ಯಾನನ್ನೇ ನೋಡಬೇಕಾಗಿ ಬರುತ್ತದೆ!