ದತ್ತಾಂಶಕ್ಕೆ ಛೇದವುಂಟೇ? ಒಂದು ವರ್ಗೀಕರಣ ಶಾಸ್ತ್ರ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಡಬ್ಬಿ, ಕಡ್ಡಿ ಎಂದು ಜಾತಿ ಹೇಳುವ ಶಾಸ್ತ್ರ ಹಳೆಯದು. 2011ರಲ್ಲಿ ಆ ಕಾಯಿಗೆ ಭೌಗೋಳಿಕ ಸೂಚಕದ ಮುದ್ರೆಯೂ ಬಿತ್ತು. ಅದೇ ಸೀಮೆಯ ಪದವಿ ಕಾಲೇಜುಗಳಲ್ಲಿ ಅಂಕಿಗಳ ನಡುವೆ ಬಾಳುವ ಜೀವಿಗಳಿಗೆ ಮಾತ್ರ ಇನ್ನೂ ಜಾತಿನಿರ್ಣಯವಾಗಿಲ್ಲ. ಈ ಕೊರತೆ ನೀಗಲೆಂದು, ಹಲಗೇರಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಈ ಗ್ರಂಥ ರಚಿಸಿದ್ದೇನೆ.

ಮೊದಲು 'ದತ್ತಾಂಶ'ದ ಪದನಿರ್ಣಯ. 'ದತ್ತ' ಎಂದರೆ ಕೊಟ್ಟದ್ದು. ಕಾಲೇಜುಗಳು ಕೊಡುತ್ತಲೇ ಇರುವುದರಿಂದ ಹೆಸರು ಸಾರ್ಥಕ: ಅವುಗಳ ಗುಣಮಟ್ಟ ಅಳೆಯಲೆಂದು 1994ರಲ್ಲಿ ಹುಟ್ಟಿದ ನ್ಯಾಕ್‌ಗೆ ಏಳು ಮಾನದಂಡಗಳಡಿ, 2010–11ರಿಂದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ವರ್ಷವರ್ಷ, ವಿಶ್ವವಿದ್ಯಾಲಯಕ್ಕೆ, ಮೊದಲು ಧಾರವಾಡಕ್ಕೆ, 2023ರಿಂದ ಹಾವೇರಿಗೆ. ಇನ್ನು 'ಅಂಶ' ಎಂದರೆ ಭಿನ್ನರಾಶಿಯಲ್ಲಿ ಗೆರೆಯ ಮೇಲೆ ಕೂರುವುದು. ಗೆರೆಯ ಕೆಳಗಿನ ಛೇದದ ಸುದ್ದಿಯೇ ಈ ಪದದಲ್ಲಿಲ್ಲ. ಮುಂದಿನ ಅನರ್ಥಕ್ಕೆಲ್ಲ ಇದೇ ಮೂಲ.

ಪ್ರಥಮ ವರ್ಗ, ರವಾನಿಗ. 'ತುರ್ತು, ಇಂದೇ ಸಂಜೆ 4ರೊಳಗೆ' ಎಂಬ ವಾಟ್ಸಾಪ್ ಸಂದೇಶ ಬಂದಾಗ ಮಾತ್ರ ಕಣ್ಣಿಗೆ ಬೀಳುತ್ತಾನೆ. ಹೋದ ವರ್ಷದ ಕೋಷ್ಟಕ ತೆರೆದು ಇಸವಿ ತಿದ್ದಿ ಕಳಿಸುತ್ತಾನೆ. ಉಪಭೇದ ಒಂದುಂಟು: ಇಸವಿ ತಿದ್ದಲೂ ಮರೆಯುವವ.

ದ್ವಿತೀಯ ವರ್ಗ, ಸರಾಸರಿಪ್ರಿಯ. ಅರ್ಧ ಕ್ಲಾಸು 80, ಇನ್ನರ್ಧ 20 ಅಂಕ ತೆಗೆದರೆ ಇವನ ಲೆಕ್ಕಕ್ಕೆ ಬರುವುದು 50. ಐವತ್ತು ತೆಗೆದ ಹುಡುಗ ಆ ಕ್ಲಾಸಿನಲ್ಲಿ ಒಬ್ಬನೂ ಇಲ್ಲ. ಪಾಠ ಮಾತ್ರ ಅವನಿಗೇ ನಡೆಯುತ್ತಿದೆ.

ತೃತೀಯ ವರ್ಗ, ಬಣ್ಣಗಾರ. ಅಂಕಿ ಮೂರು, ನಕ್ಷೆಯ ಬಣ್ಣ ಏಳು. ಬ್ಯಾಡಗಿ ಕಾಯಿಯ ಗುಣವೇ ಇವನದೂ: ಬಣ್ಣ ಬಹಳ, ಖಾರ ಕಡಿಮೆ.

ಚತುರ್ಥ ವರ್ಗ, ಛೇದನುಂಗಿ. ಈ ವರ್ಗವನ್ನು ವಿಸ್ತಾರವಾಗಿ ಬಲ್ಲೆ, ಏಕೆಂದರೆ ನಾನೂ ಇದರವನೇ. ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಫಲಕದ ಮೇಲೆ 'ಫಲಿತಾಂಶ ಶೇ. 80' ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ಮಗಳ ಟಿ.ಸಿ. ಒಯ್ಯಲು ಬಂದಿದ್ದ ರೈತರೊಬ್ಬರು ಹಿಂದೆ ನಿಂತು ನೋಡಿದರು.

"ಸರ, ಎಷ್ಟು ಮಂದ್ಯಾಗ್ರಿ?"

"ಪರೀಕ್ಷೆಗೆ ಕೂತವರು 40, ಪಾಸಾದವರು 32."

"ಮೊದಲ ಹೆಸರು ಹಚ್ಚಿದವರು?"

"64."

"ಹಂಗಾರ ಅರ್ಧಾ ಆತಲ್ರೀ. ಪರೀಕ್ಷಾಕ್ಕ ಕೂಡದ 24 ಮಂದಿ ಎಲ್ಲಿ ಹೋದ್ರು?"

ಅವರ ಕೈಯಲ್ಲಿದ್ದ ಟಿ.ಸಿ.ಯತ್ತ ನನ್ನ ಕಣ್ಣು ಹೋಯಿತು. ಏಳು ಮಾನದಂಡಗಳನ್ನು ತುಂಬಿದ ಕೈ ನನ್ನದು. ಒಂದರಲ್ಲೂ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಪಂಚಮ ವರ್ಗ, ತಳಮುಟ್ಟಿ. ಆ ರೈತರು ಈ ವರ್ಗದವರು. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿಯನ್ನು ಪೇಟೆಯಲ್ಲಿ ಯಾವ ಖರೀದಿದಾರ ನಂಬುತ್ತಾನೆ? ಮೊಣಕೈವರೆಗೆ ಕೈ ಇಳಿಸಿ ತಳದ ಹಿಡಿ ತೆಗೆದು ನೋಡುತ್ತಾನೆ. ಚೀಲದಲ್ಲೂ ಭಿನ್ನರಾಶಿಯಲ್ಲೂ ಸತ್ಯ ಕೆಳಗೇ ಇರುತ್ತದೆ. ಕಾಲೇಜುಗಳಲ್ಲಿ ಈ ತಳಿ ಬೆಳೆಸಲು ಹೊಸ ಲ್ಯಾಬ್ ಬೇಡ. ಮೇಲಕ್ಕೆ ಕಳಿಸುವ ಮುನ್ನ ಪ್ರತಿ ಕೋಷ್ಟಕವನ್ನೂ ಸ್ಟಾಫ್ ರೂಮಿನ ಮೇಜಿನ ಮೇಲೆ ಹರವಿ, 'ಎಷ್ಟರಲ್ಲಿ ಎಷ್ಟು? ಉಳಿದವರೆಲ್ಲಿ?' ಎಂದು ಕೇಳಿಕೊಂಡರೆ ಸಾಕು.

ಅಂದೇ ಶೇ. 80ರ ಕೆಳಗೆ '64ರಲ್ಲಿ 32' ಎಂದು ಬರೆದೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಕೆಳಗಿನ ಸಾಲನ್ನಷ್ಟೇ ಅಚ್ಚುಕಟ್ಟಾಗಿ ಒರೆಸಿದ್ದರು. ಒರೆಸಿದವರು ಷಷ್ಠ ವರ್ಗವೋ, ಚತುರ್ಥದ ಉಪಭೇದವೋ ಎಂಬುದನ್ನು ಪಂಡಿತರು ನಿರ್ಣಯಿಸಲಿ.