ಹದಿಹರೆಯದ ಅರಿಯರ್ಸ್

ಸರ್ಕಾರಿ ನೌಕರನ ಕಿವಿಗೆ ಅರಿಯರ್ಸ್ ಎಂಬ ಪದದಷ್ಟು ಇಂಪಾದದ್ದು ಇನ್ನೊಂದಿಲ್ಲ. ಎಂದೋ ಬರಬೇಕಾಗಿದ್ದದ್ದು, ಇನ್ನು ಬಂದಹಾಗೇ ಎಂದು ನಾವು ಕೈಬಿಟ್ಟದ್ದು, ಒಂದು ಮಧ್ಯಾಹ್ನ ಸದ್ದಿಲ್ಲದೆ ಖಾತೆಗೆ ಬಂದು ಬಿದ್ದಿರುತ್ತದೆ. ನನಗೀಗ ಐವತ್ತೆರಡು. ಮೂರು ವರ್ಷದಿಂದ ನನ್ನ ಹದಿಹರೆಯದ ಅರಿಯರ್ಸ್ ಕಂತುಕಂತಾಗಿ ಬರುತ್ತಿದೆ. ಮಂಜೂರು ಮಾಡುವ ಅಧಿಕಾರಿ ನನ್ನ ಮಗಳು. ಮೊದಲ ಪಿಯುಸಿ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಇದೆ. ಹಾಲಿನ ಲೆಕ್ಕಕ್ಕೆಂದು ನನ್ನ ಹೆಂಡತಿ ಅಂಟಿಸಿದ್ದು. ಮಗಳು ಅದನ್ನು ಒತ್ತುವರಿ ಮಾಡಿ ನಡುವೆ ಗೀಟೆಳೆದು ಎಡಕ್ಕೆ ‘ಓದ್ತಾ ಇರೋದು’, ಬಲಕ್ಕೆ ‘ಕಾಯ್ತಾ ಇರೋದು’ ಎಂದು ಬರೆದಿದ್ದಾಳೆ. ಹಾಲಿನ ಲೆಕ್ಕ ಈಗ ಕೆಳಗಿನ ಮೂಲೆಯಲ್ಲಿ ಬಾಡಿಗೆಗಿದೆ. ಎಡಗಡೆಯ ಪಟ್ಟಿಗಿಂತ ಬಲಗಡೆಯದು ಯಾವತ್ತೂ ಉದ್ದ. ಇನ್ನೂ ಬಾರದ ಪುಸ್ತಕಕ್ಕೆ ಇರುವ ಮರ್ಯಾದೆ ಬಂದ ಪುಸ್ತಕಕ್ಕಿಲ್ಲ. ನಿಶ್ಚಿತಾರ್ಥದ ಗಂಡಿಗೂ ಮದುವೆಯಾದ ಗಂಡನಿಗೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾ ಅಂದಳು.

ಇವಳು ಓದುವ ಪುಸ್ತಕಗಳಿಗೆ ಇಂಗ್ಲಿಷಿನಲ್ಲಿ ಯಂಗ್ ಅಡಲ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಒಂದು ಭಾನುವಾರವಿಡೀ ತಲೆ ಕೆರೆದುಕೊಂಡೆ. ‘ಯುವ ವಯಸ್ಕ’ ಎಂದರೆ ಮತದಾರರ ಪಟ್ಟಿಯ ವಾಸನೆ. ‘ಹದಿಹರೆಯದ ಸಾಹಿತ್ಯ’ ಎಂದರೆ ಆರೋಗ್ಯ ಇಲಾಖೆಯ ಕರಪತ್ರ. ಆಮೇಲೆ ಹೊಳೆಯಿತು, ಈ ಸಮಸ್ಯೆಯನ್ನು ನಮ್ಮವರು ಎಂದೋ ಬಗೆಹರಿಸಿಬಿಟ್ಟಿದ್ದಾರೆ. ಎಂಟನೇ ತರಗತಿಗೆ ಕಾಲಿಟ್ಟವರನ್ನೆಲ್ಲ ಎಳ್ಳಷ್ಟೂ ಅಳುಕಿಲ್ಲದೆ ಪ್ರೌಢರೆಂದು ತೀರ್ಮಾನಿಸಿ ನಾವು ಪ್ರೌಢಶಾಲೆಗೆ ಕಳಿಸುತ್ತೇವೆ. ಏಪ್ರಿಲ್‌ನಲ್ಲಿ ಮಕ್ಕಳಾಗಿದ್ದವರು ಜೂನ್‌ನಲ್ಲಿ ಪ್ರೌಢರು. ನಡುವೆ ಒಂದು ಬೇಸಿಗೆ ರಜೆ, ಅಷ್ಟೇ. ಇಂಗ್ಲಿಷಿನವರು ಆ ರಜೆಯನ್ನೇ ಆರೇಳು ವರ್ಷಕ್ಕೆ ಹಿಗ್ಗಿಸಿ ಅದರಲ್ಲೊಂದು ಸಾಹಿತ್ಯ ಕಟ್ಟಿಕೊಂಡರು.

ನನಗೆ ಆ ರಜೆ ಸಿಗಲಿಲ್ಲ. ತಿಪಟೂರಿನ ನಮ್ಮ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೆ ನಾಲ್ಕಾಣೆ. ‘ಚಂದಮಾಮ’ದ ಬೇತಾಳ ಇಳಿದ ಹೆಗಲಿಗೆ ನೇರವಾಗಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಂದು ಕೂತ. ಅವನ ಹಿಂದೆಯೇ ಯಂಡಮೂರಿಯವರ ‘ತುಳಸಿದಳ’ ಬಂತು. ಅದನ್ನೋದಿದ ಮೇಲೆ ರಾತ್ರಿ ಹಿತ್ತಿಲ ಕಡೆ ಹೋಗಬೇಕಾದರೆ ತಮ್ಮನಿಗೆ ಲಂಚ ಕೊಟ್ಟು ಎಬ್ಬಿಸಿಕೊಂಡು ಹೋಗುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗನ ಮೊಡವೆ, ಒಡೆದ ದನಿ, ಕಾರಣವಿಲ್ಲದ ಸಿಟ್ಟು ಇವುಗಳ ಬಗ್ಗೆ ಒಂದೇ ಒಂದು ಕಾದಂಬರಿ ಆ ಕಪಾಟಿನಲ್ಲಿರಲಿಲ್ಲ. ಇದ್ದಿರಲೂಬಹುದು, ಯಾರೋ ಒಯ್ದು ವಾಪಸು ತಂದಿರಲಿಕ್ಕಿಲ್ಲ.

ಅಮೆರಿಕದ ಓಕ್ಲಹೋಮಾದಲ್ಲಿ ಒಬ್ಬ ಹುಡುಗಿಗೂ ಇದೇ ತಕರಾರಿತ್ತಂತೆ. ತನ್ನ ಓರಗೆಯವರ ನಿಜವಾದ ಕಥೆ ಎಲ್ಲೂ ಸಿಗುತ್ತಿಲ್ಲವೆಂದು ಹೈಸ್ಕೂಲಿನಲ್ಲಿರುವಾಗಲೇ ಕೂತು ತಾನೇ ಬರೆದಳು. ‘ದಿ ಔಟ್‌ಸೈಡರ್ಸ್’ 1967ರಲ್ಲಿ ಅಚ್ಚಾಯಿತು. ಹುಡುಗಿ ಬರೆದದ್ದೆಂದರೆ ವಿಮರ್ಶಕ ಗಂಡಸರು ಮೂಗು ಮುರಿದಾರೆಂದು ಪ್ರಕಾಶಕರು ಅವಳ ಹೆಸರನ್ನು ಎಸ್.ಇ. ಹಿಂಟನ್ ಎಂದು ಮೊಟಕು ಮಾಡಿದರು. ಮೂವತ್ತು ವರ್ಷದ ನಂತರ ಇಂಗ್ಲೆಂಡಿನಲ್ಲಿ ಜೆ.ಕೆ. ರೌಲಿಂಗ್ ಅವರಿಗೂ ಅದೇ ಕತ್ತರಿ ಬಿತ್ತು. ನಮ್ಮಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಹೆಣ್ಣು ಹೆಸರಿನಲ್ಲೇ ಬರೆದು ಗಂಡಸರಿಂದಲೂ ಓದಿಸಿಕೊಂಡರು. ನಮ್ಮಪ್ಪ ಮಾತ್ರ ಯಾರಾದರೂ ಮನೆಗೆ ಬಂದರೆ ಪುಸ್ತಕ ಮಗುಚಿಟ್ಟು ‘ಇದು ಇವಳಿಗೆ ತಂದದ್ದು’ ಅನ್ನುತ್ತಿದ್ದರು.

ಆ ಗುಣ ವಂಶಪಾರಂಪರ್ಯವಾಗಿ ಬಂದಿದೆ. 2007ರ ಜುಲೈ 21, ಶನಿವಾರ. ಹ್ಯಾರಿ ಪಾಟರ್‌ನ ಏಳನೆಯದೂ ಕೊನೆಯದೂ ಆದ ಪುಸ್ತಕ ಬಂದ ದಿನ. ಬೆಂಗಳೂರಿನ ಒಂದು ಪುಸ್ತಕದಂಗಡಿಯ ಮುಂದೆ ಬೆಳಗ್ಗೆ ಹಾಲಿನ ಕ್ಯೂಗಿಂತ ದೊಡ್ಡ ಕ್ಯೂ. ಮುಂದೆ ಮಾಟಗಾರರ ಟೋಪಿ ಹಾಕಿದ ಮಕ್ಕಳು, ಹಿಂದೆ ಮಾಟಗಾರರ ಟೋಪಿ ಹಾಕಿದ ಮಕ್ಕಳು, ನಡುವೆ ಮಂಕಿ ಟೋಪಿ ಹಾಕಿದ ನಾನು. ಮೂವತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಪ್ಯಾಂಟು. ಯಾರೂ ಕೇಳದಿದ್ದರೂ ‘ಅಣ್ಣನ ಮಗನಿಗೆ’ ಎಂದು ಎರಡು ಸಲ ಹೇಳಿದೆ. ನನಗೆ ಅಣ್ಣನೇ ಇಲ್ಲ. ಎರಡು ವರ್ಷದ ಮೇಲೆ ಮಗಳು ಹುಟ್ಟಿದಾಗ ಎಲ್ಲರಿಗೂ ಆದ ಸಂತೋಷದ ಜೊತೆಗೆ ನನಗೆ ಇನ್ನೊಂದು ಬೇರೆಯೇ ನೆಮ್ಮದಿಯಾಯಿತು. ಇನ್ನು ಮುಂದೆ ಸುಳ್ಳು ಹೇಳಬೇಕಾಗಿಲ್ಲ.

ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿದೆ. ಅವಳು ಕೊಟ್ಟದ್ದೊಂದು ನಾನು ಓದಿದರೆ, ನಾನು ಕೊಟ್ಟದ್ದೊಂದು ಅವಳು ಓದಬೇಕು. ಅವಳು ಹಾಲಿ ಜ್ಯಾಕ್ಸನ್‌ ಅವರ ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’ ಕೊಟ್ಟಳು. ಪಿಪ್ ಎಂಬ ಶಾಲಾ ಹುಡುಗಿ ಹಳೆಯ ಕೊಲೆಯೊಂದನ್ನು ಶಾಲೆಯ ಪ್ರಾಜೆಕ್ಟ್ ವರ್ಕ್ ಎಂದು ತನಿಖೆ ಮಾಡುತ್ತಾಳೆ. ನಮ್ಮ ಕಾಲದಲ್ಲಿ ಪ್ರಾಜೆಕ್ಟ್ ವರ್ಕ್ ಎಂದರೆ ಎಲೆಗಳನ್ನು ಒಣಗಿಸಿ ಅಂಟಿಸುವುದಾಗಿತ್ತು. ಆದರೂ ಮೂರನೇ ಅಧ್ಯಾಯದ ಹೊತ್ತಿಗೆ ಪುರುಷೋತ್ತಮನ ಮೊಮ್ಮಗಳನ್ನು ಕಂಡಷ್ಟು ಸಲುಗೆಯಾಯಿತು. ಪ್ರತಿಯಾಗಿ ನಾನು ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. 1980ರ ಆ ಪುಸ್ತಕವನ್ನು ಅವಳು ಎರಡು ದಿನದಲ್ಲಿ ಮುಗಿಸಿ, ಮಂದಣ್ಣನ ಮದುವೆಯ ಪ್ರಸಂಗವನ್ನು ಅಡುಗೆಮನೆಯಲ್ಲಿ ಓದಿ ಹೇಳಿ ನಗಿಸಿ, ಹಾರುವ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋದ ಪುಟ ಮುಗಿಸಿದವಳೇ ಬಂದು ಕೇಳಿದಳು:

‘ಪಾರ್ಟ್ ಟೂ ಎಲ್ಲಿ?’

‘ಇಲ್ಲ.’

‘ಇಲ್ಲ ಅಂದ್ರೆ? ಅನೌನ್ಸ್ ಆಗಿಲ್ವಾ?’

ತೇಜಸ್ವಿಯವರು 2007ರ ಏಪ್ರಿಲ್‌ನಲ್ಲೇ ಹೋದರೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಗಿ ಫ್ರಿಜ್ಜಿನ ಹಾಳೆಯ ಬಲಗಡೆ ‘ಕರ್ವಾಲೊ 2’ ಎಂದು ಬರೆದಳು. ಅಳಿಸು ಎಂದು ನಾನು ಹೇಳಿಲ್ಲ.

ಈ ಒಪ್ಪಂದಕ್ಕೆ ಮೂರನೆಯ ಪಾಲುದಾರಳಾಗಿ ಸೇರಿಕೊಂಡವಳು ನಮ್ಮಮ್ಮ. ಎಂಬತ್ತೊಂದು ವರ್ಷ. ಕಣ್ಣು ಮಂಜು, ಇಂಗ್ಲಿಷ್ ಬಾರದು, ಕಿವಿ ಮಾತ್ರ ಚುರುಕು. ರಾತ್ರಿ ಊಟವಾದ ಮೇಲೆ ಮೊಮ್ಮಗಳು ಅಂದು ಓದಿದಷ್ಟನ್ನು ಹೇಳಬೇಕು. ಹೀಗೆ ‘ದಿ ಹಂಗರ್ ಗೇಮ್ಸ್’ ನಮ್ಮ ಮನೆಯಲ್ಲಿ ಹರಿಕಥೆಯಾಯಿತು. ಅದನ್ನು ಬರೆದ ಸುಝಾನ್ ಕಾಲಿನ್ಸ್ ಟೀವಿಯಲ್ಲಿ ಚಾನೆಲ್ ಬದಲಿಸುತ್ತಿದ್ದಾಗ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧ ಕಂಡು, ಎರಡೂ ತಲೆಯಲ್ಲಿ ಕಲಸಿಹೋಗಿ ಈ ಕಥೆ ಹುಟ್ಟಿತಂತೆ. ಹನ್ನೆರಡು ಜಿಲ್ಲೆ. ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯಿಂದ ಒಂದು ಹುಡುಗ, ಒಂದು ಹುಡುಗಿಯನ್ನು ಚೀಟಿ ಎತ್ತಿ ರಾಜಧಾನಿಗೆ ಕಳಿಸಬೇಕು. ಅಲ್ಲಿ ಅವರು ಟೀವಿ ಕ್ಯಾಮೆರಾದ ಮುಂದೆ ಒಬ್ಬರನ್ನೊಬ್ಬರು ಕೊಂದು, ಕೊನೆಗೆ ಉಳಿದವರು ಗೆದ್ದಂತೆ.

ಅಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ‘ಇದು ಬಕಾಸುರನ ಕಥೆಯಲ್ವೇನೇ? ಏಕಚಕ್ರದಲ್ಲಿ ಮನೆಗೊಬ್ಬರಂತೆ ಸರದಿ.’

ಮಗಳು ಒಪ್ಪಲಿಲ್ಲ. ಇಲ್ಲಿ ಸರದಿಯಿಲ್ಲ, ಚೀಟಿ. ಅದೂ ಬಡವರು ಹೆಚ್ಚುವರಿ ಧಾನ್ಯ, ಎಣ್ಣೆ ಬೇಕೆಂದರೆ ತಮ್ಮ ಹೆಸರಿನ ಚೀಟಿ ಇನ್ನಷ್ಟು ಹಾಕಿಸಬೇಕು. ಹದಿನಾರು ವರ್ಷದ ನಾಯಕಿ ಕ್ಯಾಟ್ನಿಸ್‌ಳ ಹೆಸರಿನಲ್ಲಿ ಇಪ್ಪತ್ತು ಚೀಟಿಗಳಿದ್ದವು.

‘ರೇಷನ್ ಕಾರ್ಡಿಗೇ ಯಮನ ಸೀಲು ಹೊಡೆದುಬಿಟ್ಟರಲ್ಲ’ ಅಂದಳು ಅಮ್ಮ. ‘ಪಾಪಿಗಳು. ಬಕಾಸುರನೇ ವಾಸಿ. ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ ಅಂತ ನೇರವಾಗಿ ಹೇಳಿದ್ದ.’

ಕ್ಯಾಟ್ನಿಸ್ ಎಂದರೆ ನೀರಿನಲ್ಲಿ ಬೆಳೆಯುವ ಒಂದು ಗೆಡ್ಡೆಯ ಹೆಸರು ಎಂದು ತಿಳಿದಂದಿನಿಂದ ಆ ವೀರವನಿತೆ ನಮ್ಮ ಮನೆಯಲ್ಲಿ ‘ಗೆಣಸಮ್ಮ’. ಅವಳ ಜೊತೆ ಹೋದ ಬೇಕರಿಯವರ ಹುಡುಗ ಪೀಟಾನನ್ನು ಅಮ್ಮ, ಹಾಸನದ ಕಡೆಯವಳಾದ್ದರಿಂದ, ಯಾವ ಪುರಾವೆಯೂ ಇಲ್ಲದೆ ಅಯ್ಯಂಗಾರರ ಪೈಕಿ ಎಂದು ನಿರ್ಧರಿಸಿದಳು. ಗೆಣಸಮ್ಮನನ್ನು ಅವನಿಗೆ ಕೊಡುವುದೋ, ಬೇಟೆಗಾರ ಹುಡುಗ ಗೇಲ್‌ನಿಗೆ ಕೊಡುವುದೋ ಎಂದು ಮೂರು ಪುಸ್ತಕದುದ್ದಕ್ಕೂ ಅಜ್ಜಿ ಮೊಮ್ಮಗಳಿಬ್ಬರೂ ಜಾತಕ ಸಮೇತ ಚರ್ಚಿಸಿದರು.

ಅಮ್ಮನಿಗೆ ಕೊನೆವರೆಗೂ ಅರ್ಥವಾಗದೇ ಹೋದದ್ದು ಸ್ಪಾಯ್ಲರ್ ಎಂಬ ಪದ. ಯಾವ ಕಥೆ ಶುರುವಾದರೂ ‘ಕೊನೆಗೆ ಯಾರು ಸಾಯ್ತಾರೆ, ಅದು ಮೊದಲು ಹೇಳು’ ಅನ್ನುತ್ತಾಳೆ. ಹೇಳಿದರೆ ಮಜಾ ಹೋಗುತ್ತದೆ ಎಂದು ಮೊಮ್ಮಗಳು. ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರಾದರೂ ಕರ್ಣಪರ್ವ ನೋಡಲು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆಯೇ ಎಂದು ಅಜ್ಜಿ. ಅಮ್ಮನ ಪ್ರಕಾರ ಕೊನೆ ಎಲ್ಲರಿಗೂ ಗೊತ್ತಿರುವಂಥದೇ, ಬೇಕಾಗುವುದು ನಡುವಿನದು. ಈ ಸಿದ್ಧಾಂತಕ್ಕೆ ಅವಳಲ್ಲಿ ದಾಖಲೆಯೂ ಇದೆ. ವಾರಪತ್ರಿಕೆಯ ಧಾರಾವಾಹಿಗಳ ಹಾಳೆ ಹರಿದು, ದಬ್ಬಳದಿಂದ ಹೊಲಿದು, ಕ್ಯಾಲೆಂಡರಿನ ರಟ್ಟು ಹಾಕಿ ಅವಳು ಕಟ್ಟಿದ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಒಂದರಲ್ಲಿ ಮಾತ್ರ ಹದಿನಾಲ್ಕನೆಯ ಕಂತಿಲ್ಲ. ಆ ವಾರದ ಸಂಚಿಕೆಯನ್ನು ಪಕ್ಕದ ಮನೆಯವರು ಒಯ್ದಿದ್ದರು. ಹದಿಮೂರರ ಕೊನೆಗೆ ನಾಯಕಿ ಅಳುತ್ತಾ ಬಸ್ಸು ಹತ್ತುತ್ತಾಳೆ. ಹದಿನೈದರಲ್ಲಿ ನಗುತ್ತಾ ಕಾಫಿ ಸೋಸುತ್ತಿರುತ್ತಾಳೆ. ನಡುವೆ ಏನಾಯಿತು ಎಂದು ಅಮ್ಮ ನಲವತ್ತು ವರ್ಷದಿಂದ ಕಾಯುತ್ತಿದ್ದಾಳೆ. ಮಗಳ ಪಟ್ಟಿಗೆ ಅದನ್ನೂ ಸೇರಿಸಬಹುದು.

ಈ ವಾದದಲ್ಲಿ ಅಮ್ಮ ಗೆದ್ದದ್ದು ಕಳೆದ ವರ್ಷ. ಕಾಲಿನ್ಸ್ ಅವರ ‘ಸನ್‌ರೈಸ್ ಆನ್ ದ ರೀಪಿಂಗ್’ 2025ರ ಮಾರ್ಚ್ 18ಕ್ಕೆ ಬಂತು. ಮಾರ್ಚ್ 21ರಿಂದ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಲೋಕದ ಪ್ರಕಾಶಕರೆಲ್ಲ ಸೇರಿ ಸಂಚು ಹೂಡಿದರೂ ಇದಕ್ಕಿಂತ ಕೆಟ್ಟ ಮುಹೂರ್ತ ಸಿಗುತ್ತಿರಲಿಲ್ಲ. ಪಾರ್ಸೆಲ್ ಬಂದ ಗಳಿಗೆಯಲ್ಲೇ ನನ್ನ ಹೆಂಡತಿ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದಳು. ಬೀಗದ ಕೈ ಎಲ್ಲಿರುತ್ತದೆಂದು ಮನೆಯಲ್ಲಿ ಇಬ್ಬರಿಗೇ ಗೊತ್ತು. ಇನ್ನೊಬ್ಬ ನಾನು.

ಮಗಳು ಹಾಲ್‌ನಲ್ಲಿ ಕೂತು ಸಮಾಜ ವಿಜ್ಞಾನ ಉರು ಹೊಡೆಯುತ್ತಿದ್ದ ರಾತ್ರಿಗಳಲ್ಲಿ ನಾನು ರೂಮಿನ ಬಾಗಿಲು ಹಾಕಿಕೊಂಡು, ಕರ್ಪೂರದ ಗುಳಿಗೆಯ ವಾಸನೆ ಬಡಿಯುವ ಆ ಪುಸ್ತಕ ಓದಿದೆ. ನರಸಿಂಹಯ್ಯನವರನ್ನು ಗಣಿತದ ಪುಸ್ತಕದೊಳಗಿಟ್ಟು ಓದಿದ ಮೇಲೆ ಇಷ್ಟು ಎದೆ ಹೊಡೆದುಕೊಂಡು ಓದಿರಲಿಲ್ಲ. ಪರೀಕ್ಷೆ ಮುಗಿದ ಸಂಜೆ ಬೀರು ತೆರೆಯಲಾಯಿತು. ಮಗಳು ಪುಟ ಮಗುಚುತ್ತಿದ್ದಂತೆ ನನ್ನ ಬಸ್ ಟಿಕೆಟ್ ಕೆಳಗೆ ಬಿತ್ತು. ಮಾರ್ಚ್ 24ರದ್ದು.

ಅವಳು ಕೂಗಾಡಲಿಲ್ಲ. ಮುಂದಿನ ಪುಸ್ತಕದ ಮುಂಗಡ ಹಣ ನನ್ನದೆಂದು ದಂಡ ವಿಧಿಸಿ ಓದಲು ಕೂತಳು. ಇದು ಕ್ಯಾಟ್ನಿಸ್‌ಗಿಂತ ಇಪ್ಪತ್ತನಾಲ್ಕು ವರ್ಷ ಹಿಂದಿನ ಕಥೆ. ಐವತ್ತನೆಯ ಆಟವಾದ್ದರಿಂದ ಸುವರ್ಣ ಮಹೋತ್ಸವದ ಲೆಕ್ಕದಲ್ಲಿ ಮಕ್ಕಳ ಸಂಖ್ಯೆ ದುಪ್ಪಟ್ಟು, ನಲವತ್ತೆಂಟು. ನಾಯಕ ಹೇಮಿಚ್, ಹಳೆಯ ಪುಸ್ತಕಗಳಲ್ಲಿ ಸದಾ ಕುಡಿದು ಬೀಳುವ ಗುರು. ಅಂದರೆ ಅವನು ಬದುಕುತ್ತಾನೆ, ಉಳಿದ ನಲವತ್ತೇಳು ಮಕ್ಕಳು ಸಾಯುತ್ತಾರೆ ಎಂಬುದು ರಟ್ಟು ತೆರೆಯುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಎರಡನೆಯ ರಾತ್ರಿ ಮಗಳು ದಿಂಬು ಒದ್ದೆಯಾಗುವಷ್ಟು ಅತ್ತಳು. ನಾನೂ ಅತ್ತಿದ್ದೆ, ರೇಷ್ಮೆ ಸೀರೆಗೆ ತಾಗದಂತೆ.

‘ಗೊತ್ತಿದ್ದೂ ಅಳ್ತೀಯಲ್ಲ, ಈಗ ತಿಳೀತಾ?’ ಎಂದು ಅಮ್ಮ ಅವಳ ತಲೆ ಸವರಿದಳು. ಗೆದ್ದವಳ ದನಿ ಅದು.

ದಂಡದ ಪುಸ್ತಕ ಫಿಲಿಪ್ ಪುಲ್ಮನ್‌ರ ‘ದಿ ರೋಸ್ ಫೀಲ್ಡ್’. ಇದರ ಕಾಯುವಿಕೆ ನಿಜಕ್ಕೂ ನನ್ನದು. ಲೈರಾ ಎಂಬ ಹುಡುಗಿಯ ಕಥೆಯ ಮೊದಲ ಪುಸ್ತಕ ಬಂದದ್ದು 1995ರಲ್ಲಿ. ನನ್ನ ತಲೆಯ ಮೇಲೆ ಬಾಚಣಿಗೆಗೆ ಕೆಲಸವಿತ್ತು. ಮೂರು ಭಾಗ 2000ದಲ್ಲಿ ಮುಗಿಯಿತು ಎಂದುಕೊಂಡರೆ 2017ರಲ್ಲಿ ಹೊಸ ಸರಣಿ ಶುರುವಾಯಿತು. 2019ರಲ್ಲಿ ಅದರ ಎರಡನೆಯ ಭಾಗ ಲೈರಾಳನ್ನು ದೂರದೇಶದ ಹಾಳೂರಿನಲ್ಲಿ ಬಿಟ್ಟು ನಿಂತಿತು. ಆರು ವರ್ಷ ಆ ಹುಡುಗಿ ಅಲ್ಲೇ ನಿಂತಿದ್ದಳು. ಕರೋನಾ ಬಂದು ಹೋಯಿತು, ನನಗೆ ಎರಡು ವರ್ಗಾವಣೆಗಳಾದವು, ಅವಳು ಒಂದು ಹೆಜ್ಜೆ ಮುಂದಿಡಲಿಲ್ಲ. ಮೊದಲ ಪುಸ್ತಕದಲ್ಲಿ ಹನ್ನೊಂದರ ಆಸುಪಾಸಿನವಳು, ಇದೀಗ ಇಪ್ಪತ್ತರವಳು. ಅವಳಿಗೆ ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ನನಗೆ ಮೂವತ್ತು ವರ್ಷ ಕಳೆದಿತ್ತು. ಇದು ಅನ್ಯಾಯ.

ಆ ಲೋಕದಲ್ಲಿ ಮನುಷ್ಯನ ಪ್ರಾಣ ಅವನ ದೇಹದ ಹೊರಗೆ, ಒಂದು ಪ್ರಾಣಿಯ ರೂಪದಲ್ಲಿ ಜೊತೆಗೇ ಓಡಾಡಿಕೊಂಡಿರುತ್ತದೆ. ಮಕ್ಕಳದು ಗಳಿಗೆಗೊಂದು ರೂಪ ತಾಳುತ್ತದೆ, ಹರೆಯ ಬಂದಾಗ ಒಂದೇ ರೂಪದಲ್ಲಿ ನಿಲ್ಲುತ್ತದೆ. ಇದನ್ನು ಅಮ್ಮನಿಗೆ ವಿವರಿಸಲು ಮಗಳು ಅರ್ಧ ಗಂಟೆ ತಯಾರಿ ಮಾಡಿಕೊಂಡು ಬಂದಿದ್ದಳು. ಅಮ್ಮ ಅರ್ಧ ನಿಮಿಷದಲ್ಲಿ ಮುಗಿಸಿದಳು. ‘ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟಿದ್ದನಲ್ಲ ರಾಕ್ಷಸ, ಹಾಗೆ. ಮುಂದೆ ಹೇಳು.’ ಲೈರಾಳ ಪ್ರಾಣ ಮುಂಗುಸಿಯಂಥದೊಂದು ಪ್ರಾಣಿ. ಹಿಂದಿನ ಭಾಗದಲ್ಲಿ ಅವಳ ಮೇಲೆ ಮುನಿಸಿಕೊಂಡು ಅದು ಮನೆ ಬಿಟ್ಟು ಹೋಗಿದೆ. ಅವಳು ಹುಡುಕುತ್ತಾ ಹೊರಟಿದ್ದಾಳೆ. ನಮ್ಮ ಮನೆಯವರ ಪ್ರಾಣ ಯಾವ ರೂಪದಲ್ಲಿರಬಹುದೆಂದೂ ಅಂದು ಚರ್ಚೆಯಾಯಿತು. ಹೆಂಡತಿಯದು ಗುಬ್ಬಚ್ಚಿ, ಅಮ್ಮನದು ಎಲ್ಲ ಮಾತಿಗೂ ಲೊಚಗುಟ್ಟುವ ಗೋಡೆಯ ಹಲ್ಲಿ. ನನ್ನದು ಎಮ್ಮೆ ಎಂಬುದು ಅವಿರೋಧವಾಗಿ ಪಾಸಾಯಿತು.

ಪುಸ್ತಕ 2025ರ ಅಕ್ಟೋಬರ್ 23ಕ್ಕೆ, ಬಲಿಪಾಡ್ಯಮಿಯ ಮಾರನೆಯ ದಿನ ಬಿಡುಗಡೆಯಾಯಿತು. ನಮ್ಮ ಮನೆಗೆ ಬಂದಾಗ ಹಬ್ಬದ ಕಜ್ಜಾಯ ಇನ್ನೂ ನಾಲ್ಕು ಉಳಿದಿತ್ತು. ಈ ಸಲ ಬೀರು ಇಲ್ಲ, ವೇಳಾಪಟ್ಟಿ. ಸಂಜೆ ಎಂಟರವರೆಗೆ ಅವಳು, ಹತ್ತರ ಮೇಲೆ ನಾನು. ಒಂದೇ ಪುಸ್ತಕದಲ್ಲಿ ಎರಡು ಗುರುತುಪಟ್ಟಿ. ಅವಳದು ಯಾವಾಗಲೂ ನನ್ನದಕ್ಕಿಂತ ಒಂದು ಬೆರಳು ಮುಂದೆ.

ಐದನೆಯ ರಾತ್ರಿ ನಾನು 212ನೇ ಪುಟದಲ್ಲಿದ್ದೆ. ದೀಪ ಆರಿಸಿದ ಹಾಲ್‌ನಿಂದ ಅಮ್ಮನ ದನಿ ಬಂತು. ‘ಏನೋ, ಆ ಹುಡುಗಿಗೆ ಅವಳ ಮುಂಗುಸಿ ಸಿಕ್ಕಿತಾ?’

‘ಇನ್ನೂ ಇಲ್ಲಮ್ಮ.’

ತಕ್ಷಣ ಮಗಳ ರೂಮಿನಿಂದ ಕೂಗು. ‘ಅಜ್ಜೀ, ಅದನ್ನ ನಾಳೆ ಹೇಳ್ತೀನಿ! ಅಪ್ಪ ಇನ್ನೂ ಅಲ್ಲಿಗೆ ಬಂದಿಲ್ಲ!’

ಹಾಲ್‌ನಲ್ಲಿ ಒಂದು ಕ್ಷಣ ಮೌನ.

‘ಹಾಗಾದರೆ ಸಿಗುತ್ತೆ ಅಂತಾಯಿತು’ ಎಂದು ಅಮ್ಮ ಮಗ್ಗುಲು ಬದಲಿಸಿ ನಿದ್ದೆ ಹೋದಳು. ನನಗೆ ಇನ್ನೂ ನಾನ್ನೂರು ಪುಟ ಬಾಕಿಯಿತ್ತು.